ಹಾಜರಿ ಪುಸ್ತಕವೂ ಗ್ರಾಫಿಕ್ಸ್ ಕಾರ್ಡೂ

ಸರಕಾರಿ ಕಚೇರಿಯಲ್ಲಿ ಹನ್ನೆರಡು ವರುಷ ಗುಮಾಸ್ತಿಕೆ ಮಾಡಿದ ನಮಗೆ ಮಿಕ್ಕೇನು ತಿಳಿಯದಿದ್ದರೂ ಒಂದು ಸಂಗತಿ ಮಾತ್ರ ಚೆನ್ನಾಗಿ ತಿಳಿದಿದೆ. ಹಾಜರಿ ಪುಸ್ತಕದಲ್ಲಿ ರುಜು ಬಿದ್ದ ಮಾತ್ರಕ್ಕೆ ಕಡತವು ಮುಂದಕ್ಕೆ ಸರಿಯಿತೆಂದು ಅರ್ಥವಲ್ಲ. ಈಗ ರುಜುವಿನ ಬದಲು ಹೆಬ್ಬೆರಳು ಒತ್ತುವ ಯಂತ್ರ ಬಂದಿದೆ. ಕಡತದ ನಡಿಗೆಯೇನೂ ಅದರಿಂದ ಚುರುಕಾಗಿಲ್ಲ. ಯಾರು ಬಂದರು ಎಂಬುದು ಒಂದು ಲೆಕ್ಕ. ಎಷ್ಟು ಕೆಲಸವಾಯಿತು ಎಂಬುದು ಇನ್ನೊಂದು ಲೆಕ್ಕ. ಇಷ್ಟು ಬಲ್ಲ ನಾವೇ ಕಳೆದ ಬೇಸಿಗೆಯಲ್ಲಿ ಮನೆಯ ಕಂಪ್ಯೂಟರಿನ ವಿಷಯದಲ್ಲಿ ಬರಿಯ ಹಾಜರಿ ಪುಸ್ತಕವನ್ನು ನಂಬಿ ೩೨,೦೦೦ ರೂಪಾಯಿಗಳನ್ನು ಕೈಬಿಡುವುದರಲ್ಲಿದ್ದೆವು.

ಈ ಕಥೆಯನ್ನು ಇಲ್ಲಿ ಹೇಳುವುದಕ್ಕೆ ಕಾರಣವುಂಟು. ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಚಿತ್ರಸಂಚಲನವನ್ನೋ, ಕಟ್ಟಡಗಳ ನಕ್ಷೆಯನ್ನೋ, ಈಗ ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆಯನ್ನೋ ಕಲಿಯುವ ಮಕ್ಕಳು ಹಲವರಿದ್ದಾರೆ. ಅವರೆಲ್ಲರಿಗೂ ಗ್ರಾಫಿಕ್ಸ್ ಕಾರ್ಡ್ ಬೇಕು. ಕಂಪ್ಯೂಟರು ನಿಧಾನವಾಯಿತೆಂದರೆ ಮೊದಲು ಕೇಳಿಬರುವ ಮಾತು “ಹೊಸ ಕಾರ್ಡ್ ಕೊಳ್ಳಿರಿ” ಎಂಬುದು. ಆ ಮಾತು ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು. ಯಾವಾಗ ನಿಜ, ಯಾವಾಗ ಸುಳ್ಳು ಎಂದು ತಿಳಿಯಲು ಬೇಕಾದ ಅಳತೆಯ ಸಾಧನಗಳು ಬಹುಮಟ್ಟಿಗೆ ಪುಕ್ಕಟೆಯಾಗಿಯೇ ಸಿಗುತ್ತವೆ. ಕಷ್ಟವಿರುವುದು ಅವುಗಳಲ್ಲಿ ಸರಿಯಾದುದನ್ನು ಆರಿಸಿಕೊಳ್ಳುವುದರಲ್ಲಿ.

ಅಂಗಡಿಯ ತೀರ್ಪು

ನಮ್ಮ ಅಕ್ಕನ ಮಗನು ಹುಬ್ಬಳ್ಳಿಯಿಂದ ಬಂದು ಪುಣೆಯಲ್ಲಿ ನಮ್ಮ ಮನೆಯಲ್ಲಿದ್ದುಕೊಂಡೇ ಚಿತ್ರಸಂಚಲನವನ್ನು ಕಲಿಯುತ್ತಿದ್ದಾನೆ. ಅವನ ಕಂಪ್ಯೂಟರಿನಲ್ಲಿರುವುದು ಬೇರೆಯವರು ಬಳಸಿ ಮಾರಿದ ಜಿಟಿಎಕ್ಸ್ ೧೬೬೦ ಸೂಪರ್ ಎಂಬ ಕಾರ್ಡು. ಕೊನೆಯ ವರ್ಷದ ಪರೀಕ್ಷೆಗೆಂದು ಒಂದು ನಿಮಿಷದ ಚಿತ್ರವನ್ನು ಬ್ಲೆಂಡರ್ ಎಂಬ ಸಾಫ್ಟ್‌ವೇರಿನಲ್ಲಿ ಸಿದ್ಧಪಡಿಸಬೇಕಾಗಿತ್ತು. ಒಂದೇ ನಿಮಿಷವೆಂದು ಹಗುರಾಗಿ ಎಣಿಸಬಾರದು. ಸೆಕೆಂಡಿಗೆ ೨೪ ಚಿತ್ರಗಳಂತೆ ಒಂದು ನಿಮಿಷಕ್ಕೆ ೧,೪೪೦ ಚಿತ್ರಗಳಾಗುತ್ತವೆ. ಬೆಳಕು, ನೆರಳು, ಬಣ್ಣಗಳನ್ನೆಲ್ಲ ಲೆಕ್ಕ ಹಾಕಿ ಕಂಪ್ಯೂಟರು ಅವನ್ನು ಒಂದೊಂದಾಗಿ ಬರೆಯಬೇಕು. ಚಿತ್ರವೊಂದಕ್ಕೆ ೪೦ ಸೆಕೆಂಡು ಹಿಡಿದರೆ ಒಟ್ಟು ೧೬ ಗಂಟೆ. ಅಷ್ಟನ್ನು ಹುಡುಗನು ಲೆಕ್ಕ ಹಾಕಿಕೊಂಡಿದ್ದನು. ಆದರೆ ಕೆಲಸ ಆರಂಭವಾಗಿ ಹತ್ತು ನಿಮಿಷ ಕಳೆಯುವುದೇ ತಡ, ಒಂದೊಂದು ಚಿತ್ರಕ್ಕೆ ಒಂದೊಂದು ನಿಮಿಷವೇ ಹಿಡಿಯತೊಡಗಿತು. ಆ ಗತಿಯಲ್ಲಿ ೧೬ ಗಂಟೆಯ ಕೆಲಸಕ್ಕೆ ೨೪ ಗಂಟೆ ಬೇಕು. ಒಂದು ತಪ್ಪು ಕಂಡು ಮತ್ತೆ ಬರೆಯಿಸಬೇಕಾದರೆ ಇನ್ನೊಂದು ಹಗಲು, ಇನ್ನೊಂದು ರಾತ್ರಿ. ಪರೀಕ್ಷೆಗೆ ಉಳಿದಿದ್ದುದು ಎರಡೇ ವಾರ.

ಕಂಪ್ಯೂಟರನ್ನು ರಿಕ್ಷಾದಲ್ಲಿಟ್ಟುಕೊಂಡು ಅಂಗಡಿಗೆ ಹೋದೆವು. ಅಂಗಡಿಯವನು ಬ್ಲೆಂಡರ್ ಓಡುತ್ತಿರುವಾಗಲೇ ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದು ತೋರಿಸಿದನು. ‘೩ಡಿ’ ಎಂಬ ಚೌಕದಲ್ಲಿ ಗೆರೆ ನೆಲಕ್ಕೆ ಅಂಟಿಕೊಂಡಿತ್ತು: ನೂರಕ್ಕೆ ಎರಡೋ ಮೂರೋ. “ಕಾರ್ಡ್ ಕೆಲಸವನ್ನೇ ಮಾಡುತ್ತಿಲ್ಲ, ಬದಲಾಯಿಸಿ” ಎಂದು ತೀರ್ಪು ಕೊಟ್ಟನು. ಹೊಸದಕ್ಕೆ ೩೨,೦೦೦ ರೂಪಾಯಿ.

ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿದೆವು. ಅವಳು ಒಂದು ಕ್ಷಣ ಸುಮ್ಮನಿದ್ದು, “ಅಂವಾ ಕೋರ್ಸ್ ಮುಗಸಬೇಕಲ್ಲೋ ತಮ್ಮಾ. ನನ್ನ ಪಾಟ್ಲಿ ಅದಾವ, ಒತ್ತಿ ಇಟ್ಟರಾತು” ಎಂದಳು. ಆ ಪಾಟ್ಲಿಗಳನ್ನು ಮಾಡಿಸಿಕೊಟ್ಟವರು ನಮ್ಮ ತಂದೆ. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಯಾವ ವಿಭಾಗದ ಹಾಜರಿ?

ಮರುದಿನ ಭಾನುವಾರ. ಸಂಘದ ಭಜನೆಯಲ್ಲಿ ತಬಲಾ ನುಡಿಸುವ ಗೆಳೆಯರೊಬ್ಬರಿದ್ದಾರೆ. ಮೈಸೂರಿನ ಕಡೆಯವರು, ವೃತ್ತಿಯಿಂದ ಇಂಜಿನಿಯರು. ನಮ್ಮ ಮುಖವನ್ನು ನೋಡಿ ವಿಷಯವೇನೆಂದು ಕೇಳಿದರು. ಎಲ್ಲವನ್ನೂ ಹೇಳಿದ ಮೇಲೆ, “ಅಲ್ಲಾ ಸ್ವಾಮಿ, ನೀವು ನೋಡಿದ್ದು ಯಾವ ಎಂಜಿನ್ನು?” ಎಂದರು. ಒಂದು ಕಾರ್ಡಿನಲ್ಲಿ ಎಂಜಿನ್ನುಗಳು ಹಲವಿರುತ್ತವೆಂದು ನಮಗೆ ಆಗ ತಿಳಿದದ್ದು.

ಎನ್ವಿಡಿಯಾ ಕಂಪನಿಯು ೧೯೯೯ರಲ್ಲಿ ಜಿಫೋರ್ಸ್ ೨೫೬ ಎಂಬ ಕಾರ್ಡನ್ನು ಹೊರತಂದು, ಇದೇ ಜಗತ್ತಿನ ಮೊದಲ ಜಿಪಿಯು ಎಂದು ಸಾರಿತು. ಜಿಪಿಯು ಎಂದರೆ ಚಿತ್ರ ಬರೆಯುವುದಕ್ಕೆಂದೇ ಮೀಸಲಾದ ಸಂಸ್ಕಾರಕ. ಆಗ ಅದರ ಕೆಲಸ ಮುಖ್ಯವಾಗಿ ಆಟಗಳ ಚಿತ್ರವನ್ನು ಪರದೆಯ ಮೇಲೆ ಮೂಡಿಸುವುದಾಗಿತ್ತು. ಅದೇ ಕಂಪನಿಯು ೨೦೦೬ರಲ್ಲಿ ಕೂಡಾ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದ ಮೇಲೆ, ಚಿತ್ರಕ್ಕೆ ಸಂಬಂಧವಿಲ್ಲದ ಲೆಕ್ಕಗಳನ್ನೂ ಕಾರ್ಡಿನಿಂದ ಮಾಡಿಸುವುದು ಸುಲಭವಾಯಿತು. ಈಗಿನ ಕಾರ್ಡು ಒಂದು ಕಚೇರಿಯಿದ್ದಂತೆ. ಆಟದ ಚಿತ್ರಗಳಿಗೆ ಒಂದು ವಿಭಾಗ, ವಿಡಿಯೋ ಬಿಡಿಸುವುದಕ್ಕೆ ಒಂದು, ವಿಡಿಯೋ ಕಟ್ಟುವುದಕ್ಕೆ ಮತ್ತೊಂದು, ಮಾಹಿತಿಯನ್ನು ಅತ್ತಿಂದಿತ್ತ ಸಾಗಿಸುವುದಕ್ಕೆ ಇನ್ನೊಂದು ಎಂದು ಟಾಸ್ಕ್ ಮ್ಯಾನೇಜರು ಬೇರೆ ಬೇರೆ ಹೆಸರಿನಿಂದ ತೋರಿಸುತ್ತದೆ. ಕೂಡಾದ ಲೆಕ್ಕಗಳು ಬೇರೆಯೇ ಹೆಸರಿನಲ್ಲಿ ಬರುತ್ತವೆ.

ವಿಂಡೋಸಿನ ಟಾಸ್ಕ್ ಮ್ಯಾನೇಜರಿಗೆ ಈ ಜಿಪಿಯು ಪುಟ ಸೇರಿದ್ದು ೨೦೧೭ರಲ್ಲಿ. ಸಾಮಾನ್ಯವಾಗಿ ಅದು ನಾಲ್ಕು ಚೌಕಗಳನ್ನು ತೋರಿಸುತ್ತದೆ. ಚೌಕದ ತಲೆಯ ಮೇಲಿನ ಹೆಸರನ್ನು ಒತ್ತಿದರೆ ಬೇರೆ ವಿಭಾಗಗಳ ಪಟ್ಟಿ ಇಳಿದುಬರುತ್ತದೆ. ಬ್ಲೆಂಡರಿನ ಲೆಕ್ಕ ನಡೆಯುತ್ತಿದ್ದುದು ಕೂಡಾದ ಹೆಸರಿನಲ್ಲಿ. ಅಂಗಡಿಯವನು ನೋಡಿದ್ದು ೩ಡಿ ಚೌಕವನ್ನು. ಟಪಾಲು ವಿಭಾಗದ ಹಾಜರಿಯನ್ನು ನೋಡಿ ಲೆಕ್ಕಪತ್ರ ವಿಭಾಗದವರೆಲ್ಲ ರಜೆಯಲ್ಲಿದ್ದಾರೆಂದು ವರದಿ ಬರೆದಂತಾಯಿತು.

ಆ ಸಂಜೆಯೇ ಮನೆಗೆ ಬಂದು, ಅವರು ಹೇಳಿದಂತೆ ಎನ್ವಿಡಿಯಾ-ಎಸ್‌ಎಂಐ ಎಂಬ ಸಾಧನವನ್ನು ಓಡಿಸಿದೆವು. ಎನ್ವಿಡಿಯಾ ಕಾರ್ಡಿನ ಡ್ರೈವರಿನ ಜೊತೆಯಲ್ಲೇ ಇದು ಬಂದಿರುತ್ತದೆ, ಬೇರೆ ತರಬೇಕಾಗಿಲ್ಲ. ಅಲಂಕಾರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಅಂಕಿಗಳು ಮಾತ್ರ. ಅದರಲ್ಲಿ ಕಾರ್ಡಿನ ಬಳಕೆ ನೂರಕ್ಕೆ ೯೯ ಎಂದು ಬಂದಿತು. ಹುಡುಗನು ತಲೆಯ ಮೇಲೆ ಕೈಯಿಟ್ಟುಕೊಂಡು, “ಮಾಮಾ, ಕಾರ್ಡು ಪೂರ್ತಿ ದುಡ್ಯಾಕತ್ತದ. ಇದರ ಶಕ್ತೀನ ಇಷ್ಟ. ಅಂದ್ರ ಹೊಸಾದು ತರಬೇಕಾದ್ದ ಖರೆ” ಎಂದನು. ನಮಗೂ ಹಾಗೆಯೇ ತೋರಿತು. ಅಂಗಡಿಯವನ ಕಾರಣ ತಪ್ಪಾದರೂ ತೀರ್ಪು ಸರಿಯಾಯಿತಲ್ಲ ಎಂದು ನಿಟ್ಟುಸಿರು ಬಿಟ್ಟೆವು.

ತೊಂಬತ್ತೊಂಬತ್ತರ ಅರ್ಥ

ಗೆಳೆಯರಿಗೆ ಫೋನಿನಲ್ಲಿ ಈ ಅಂಕಿಯನ್ನು ಹೇಳಿದಾಗ ಅವರು ನಕ್ಕರು. “ಅದು ನಿಮ್ಮ ಹಾಜರಿ ಪುಸ್ತಕ ಸ್ವಾಮಿ. ಕೆಲಸದ ಲೆಕ್ಕ ಅಲ್ಲ” ಎಂದರು.

ವಿಷಯ ಹೀಗಿದೆ. ಎನ್ವಿಡಿಯಾ-ಎಸ್‌ಎಂಐ ಹೇಳುವ ಶೇಕಡಾವಾರು ಬಳಕೆಗೆ ಕಂಪನಿಯೇ ಅರ್ಥ ಬರೆದಿಟ್ಟಿದೆ. ಅಳತೆಯ ಸಣ್ಣ ಅವಧಿಯಲ್ಲಿ, ಅಂದರೆ ಕಾರ್ಡಿಗೆ ತಕ್ಕಂತೆ ಸೆಕೆಂಡಿನ ಆರನೆಯ ಒಂದು ಭಾಗದಿಂದ ಒಂದು ಸೆಕೆಂಡಿನವರೆಗೆ, ಒಂದಾದರೂ ಲೆಕ್ಕದ ಕೆಲಸ ಕಾರ್ಡಿನ ಮೇಲೆ ಎಷ್ಟು ಹೊತ್ತು ನಡೆಯುತ್ತಿತ್ತು ಎಂಬುದಷ್ಟೇ ಆ ಅಂಕಿ. ನಮ್ಮ ಹುಡುಗನ ಕಾರ್ಡಿನಲ್ಲಿ ೧,೪೦೮ ಸಣ್ಣ ಗಣಕ ಘಟಕಗಳಿವೆ. ಅವುಗಳಲ್ಲಿ ನಾಲ್ಕಾರು ಮಾತ್ರ ದುಡಿದು ಉಳಿದವು ಸುಮ್ಮನಿದ್ದರೂ, ಎಲ್ಲವೂ ದುಡಿದರೂ ಅಂಕಿ ಒಂದೇ. ಅವು ಓಡುತ್ತ ದುಡಿದರೂ ತೆವಳುತ್ತ ದುಡಿದರೂ ಅಂಕಿ ಒಂದೇ. ಕಚೇರಿಯ ಬಾಗಿಲು ತೆರೆದಿತ್ತು, ಒಳಗೆ ಒಬ್ಬನಾದರೂ ಬರೆಯುತ್ತಿದ್ದನು ಎಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳುವುದಿಲ್ಲ.

ಹಾಗಾದರೆ ಕೆಲಸದ ಗತಿಯನ್ನು ತಿಳಿಯಲು ಏನನ್ನು ನೋಡಬೇಕು? ಗೆಳೆಯರು ನಾಲ್ಕು ಕಲಮುಗಳನ್ನು ಬರೆಯಿಸಿದರು: ಕಾರ್ಡಿನ ಗಡಿಯಾರದ ವೇಗ, ಉಷ್ಣತೆ, ಅದು ನುಂಗುವ ವಿದ್ಯುತ್ತು, ವೇಗ ಅಲ್ಲಿಗೇ ನಿಂತಿರುವುದಕ್ಕೆ ಕಾರಣ. ಈ ನಾಲ್ಕನ್ನೂ ಒಟ್ಟಿಗೆ ತೋರಿಸುವ, ಬರೆದಿಡುವ ಸಾಧನ ಬೇಕೆಂದು ಕೇಳಿದಾಗ ಜಿಪಿಯು-ಝಡ್ ಎಂಬುದರ ಹೆಸರು ಹೇಳಿದರು. ಇದು ಟೆಕ್‌ಪವರ್‌ಅಪ್ ಎಂಬ ಸಂಸ್ಥೆಯ ಪುಕ್ಕಟೆ ಸಾಧನ, ಗಾತ್ರದಲ್ಲಿ ಚಿಕ್ಕದು. ಅದರ ಸಂವೇದಕಗಳ ಪುಟದಲ್ಲಿ ಎನ್ವಿಡಿಯಾ ಕಾರ್ಡುಗಳಿಗೆ ವೇಗವನ್ನು ತಡೆದಿರುವುದು ಯಾವುದೆಂದು ಹೇಳುವ ಸಾಲೊಂದಿದೆ: ಶಾಖವೇ, ವಿದ್ಯುತ್ತಿನ ಮಿತಿಯೇ, ವೋಲ್ಟೇಜೇ, ಇಲ್ಲವೆ ಮಾಡಲು ಕೆಲಸವೇ ಇಲ್ಲವೇ. ಕೆಳಗಿನ ಚೌಕದಲ್ಲಿ ಗುರುತು ಹಾಕಿದರೆ ಎಲ್ಲ ಅಂಕಿಗಳೂ ಕಡತದಲ್ಲಿ ದಾಖಲಾಗುತ್ತವೆ.

ಅರ್ಧ ಗಂಟೆ ಚಿತ್ರಗಳನ್ನು ಬರೆಯಿಸಿ ದಾಖಲೆಯನ್ನು ತೆರೆದೆವು. ಗುಮಾಸ್ತನ ಕಣ್ಣಿಗೆ ಅಂಕಿಯ ಕಲಮುಗಳು ಹೊಸದಲ್ಲ. ಎರಡು ನಿಮಿಷದಲ್ಲಿ ಕಥೆ ಬಿಚ್ಚಿಕೊಂಡಿತು. ಆರಂಭದಲ್ಲಿ ಗಡಿಯಾರದ ವೇಗ ೧,೯೦೦ ಮೆಗಾಹರ್ಟ್ಸ್, ವಿದ್ಯುತ್ತು ೧೨೦ ವಾಟ್, ಉಷ್ಣತೆ ೬೨ ಡಿಗ್ರಿ. ಹತ್ತನೆಯ ನಿಮಿಷಕ್ಕೆ ಉಷ್ಣತೆ ೮೪ ಡಿಗ್ರಿ, ವೇಗ ೧,೩೦೦ ಮೆಗಾಹರ್ಟ್ಸ್, ವಿದ್ಯುತ್ತು ೮೦ ವಾಟ್. ಆಮೇಲೆ ಅರ್ಧ ಗಂಟೆ ಮುಗಿಯುವ ತನಕ ಅದೇ. ತಡೆಯ ಕಾರಣದ ಕಲಮಿನಲ್ಲಿ ಉದ್ದಕ್ಕೂ ಒಂದೇ ಮಾತು: ಶಾಖ. ಬಳಕೆಯ ಕಲಮಿನಲ್ಲಿ ಮಾತ್ರ ಮೊದಲಿನಿಂದ ಕೊನೆಯವರೆಗೆ ೯೯!

ಕಾರ್ಡು ಸತ್ತಿರಲಿಲ್ಲ, ಅದರ ಶಕ್ತಿ ಸಾಲದೆಯೂ ಇರಲಿಲ್ಲ. ಬೆಂದುಹೋಗಬಾರದೆಂದು ಅದು ತಾನಾಗಿ ನಿಧಾನವಾಗಿ ನಡೆಯುತ್ತಿತ್ತು.

ಈಗ ಕಂಪ್ಯೂಟರನ್ನು ಸುತ್ತಿ ಬಂದು ನೋಡಿದೆವು. ನಮ್ಮ ಅವ್ವ ಧಾರವಾಡದವಳು. ಕಸೂತಿಯಲ್ಲಿ ಅವಳ ಕೈ ನುರಿತದ್ದು. ಮೊಮ್ಮಗನ ಯಂತ್ರಕ್ಕೆ ಧೂಳು ಕೂಡಬಾರದೆಂದು ಗೋಪುರ, ತೇರು, ನವಿಲುಗಳನ್ನು ಹೆಣೆದ ಚೆಂದದ ಮುಸುಕನ್ನು ಹೊಲಿದು, ಹಿಂದೆ ರೇಡಿಯೋಕ್ಕೆ ಹೊದಿಸುತ್ತಿದ್ದಂತೆ ಪೆಟ್ಟಿಗೆಯ ಮೇಲೆ ಹೊದಿಸಿದ್ದಳು. ಬಿಸಿಗಾಳಿ ಹೊರಹೋಗುವ ಮೇಲಿನ ಜಾಲರಿ ಅದರಡಿಯಲ್ಲಿ ಮುಚ್ಚಿಹೋಗಿತ್ತು. ಒಳಗೆ ಕಾರ್ಡಿನ ಫ್ಯಾನುಗಳ ಮೇಲೆ ಹಿಂದಿನ ಮಾಲಿಕನ ಕಾಲದ ಧೂಳು ಕಂಬಳಿಯಂತೆ ಕುಳಿತಿತ್ತು. ಅವ್ವನಿಗೆ ಹೇಗೆ ಹೇಳುವುದು ಎಂದು ನಮ್ಮಾಕೆಯೂ ನಾವೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಅವಳೇ ಕೇಳಿಸಿಕೊಂಡು, “ಅದಕ್ಕೂ ಉಸಿರು ಬೇಕಾಗ್ತದಂತ ನನಗೇನ ಗೊತ್ತೋ?” ಎಂದು ಮುಸುಕನ್ನು ತೆಗೆದು ಮಡಚಿದಳು.

ವಿದ್ಯುತ್ತಿನ ತಂತಿಯನ್ನು ಕಿತ್ತು, ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆದದ್ದಾಯಿತು. ಗೆಳೆಯರು ಬಂದು ಕಾರ್ಡನ್ನು ಬಿಚ್ಚಿ, ಒಣಗಿಹೋಗಿದ್ದ ಶಾಖವಾಹಕ ಲೇಪವನ್ನು ಒರಸಿ ಹೊಸದನ್ನು ಹಚ್ಚಿದರು. ಲೇಪಕ್ಕೆ ೩೫೦ ರೂಪಾಯಿ. ಗೆಳೆಯರಿಗೆ ಅವ್ವ ಮಾಡಿದ ಗಿರಮಿಟ್ಟು, ಚಹಾ. ಮತ್ತೆ ಅದೇ ಚಿತ್ರಗಳನ್ನು ಅರ್ಧ ಗಂಟೆ ಬರೆಯಿಸಿದಾಗ ಉಷ್ಣತೆ ೭೧ ಡಿಗ್ರಿ ದಾಟಲಿಲ್ಲ. ಒಂದೊಂದು ಚಿತ್ರಕ್ಕೆ ಮೊದಲಿನ ೪೦ ಸೆಕೆಂಡೇ ಹಿಡಿಯಿತು.

ಪ್ರಶ್ನೆ ಮೊದಲು, ಸಾಧನ ಆಮೇಲೆ

ಈ ಅನುಭವದಿಂದ ನಾವು ಕಲಿತದ್ದನ್ನು ಓದುಗರಿಗೆ ಉಪಯೋಗವಾಗಲೆಂದು ಸಂಗ್ರಹವಾಗಿ ಹೇಳುತ್ತೇವೆ. ಯಾವ ಸಾಧನ ಒಳ್ಳೆಯದು ಎಂದು ಕೇಳುವ ಮೊದಲು ನಮ್ಮ ಪ್ರಶ್ನೆ ಯಾವುದೆಂದು ಕಾಗದದ ಮೇಲೆ ಬರೆದುಕೊಳ್ಳಬೇಕು.

ಯಾವ ಕಾರ್ಯಕ್ರಮ ಕಾರ್ಡನ್ನು ಬಳಸುತ್ತಿದೆ, ಅದರ ಯಾವ ವಿಭಾಗವನ್ನು ಬಳಸುತ್ತಿದೆ ಎಂಬುದಷ್ಟೇ ಪ್ರಶ್ನೆಯಾದರೆ ಟಾಸ್ಕ್ ಮ್ಯಾನೇಜರೇ ಸಾಕು, ಹೊಸದೇನನ್ನೂ ತರಬೇಡಿ. ಕಾರ್ಡಿನ ಸ್ಮರಣೆ ತುಂಬಿದೆಯೇ ಎಂಬುದನ್ನೂ ಅಲ್ಲಿಯೇ ನೋಡಬಹುದು. ಮೀಸಲು ಸ್ಮರಣೆಯ ಗೆರೆ ನೆತ್ತಿ ಮುಟ್ಟಿ, ಹಂಚಿಕೆಯ ಸ್ಮರಣೆಯ ಗೆರೆ ಏರತೊಡಗಿದರೆ ಕಾರ್ಡಿನ ಜಾಗ ಸಾಲುತ್ತಿಲ್ಲವೆಂದು ಅರ್ಥ. ನಮ್ಮ ಹುಡುಗನ ಕಾರ್ಡಿನಲ್ಲಿರುವುದು ೬ ಗಿಗಾಬೈಟು. ಅವನ ದೃಶ್ಯ ಅದಕ್ಕಿಂತ ದೊಡ್ಡದಾಗಿದ್ದರೆ ಯಾವ ಕುಂಚವೂ ಲೇಪವೂ ಉಪಯೋಗಕ್ಕೆ ಬರುತ್ತಿರಲಿಲ್ಲ. ದೃಶ್ಯವನ್ನು ಹಗುರ ಮಾಡಬೇಕಾಗಿತ್ತು, ಇಲ್ಲವೆ ಹೊಸ ಕಾರ್ಡನ್ನೇ ತರಬೇಕಾಗಿತ್ತು.

ಕಾರ್ಡು ಏಕೆ ನಿಧಾನವಾಯಿತು ಎಂಬುದು ಪ್ರಶ್ನೆಯಾದರೆ ಜಿಪಿಯು-ಝಡ್ ತಕ್ಕದ್ದು. ಕಾರ್ಡಷ್ಟೇ ಅಲ್ಲದೆ ಮುಖ್ಯ ಸಂಸ್ಕಾರಕ, ಡಿಸ್ಕು, ಫ್ಯಾನು ಎಲ್ಲದರ ಉಷ್ಣತೆಯನ್ನೂ ಒಂದೇ ಕಾಲಮಾನದಲ್ಲಿ ದಾಖಲಿಸಬೇಕಾದರೆ ಎಚ್‌ಡಬ್ಲ್ಯೂಇನ್ಫೋ ಎಂಬುದಿದೆ. ಅದು ತೋರಿಸುವ ಸಾಲುಗಳ ಉದ್ದವನ್ನು ನೋಡಿ ಗಾಬರಿಯಾಗಬಾರದು. ಬೇಕಾದ ನಾಲ್ಕೈದನ್ನು ಇಟ್ಟುಕೊಂಡು ಉಳಿದುವನ್ನು ಮರೆಮಾಡಬಹುದು.

ಆಟ ತಡವರಿಸುತ್ತದೆ ಎಂಬುದು ಮಕ್ಕಳ ದೂರಾದರೆ ಪ್ರಶ್ನೆ ಬೇರೆ. ಸೆಕೆಂಡಿಗೆ ೬೦ ಚಿತ್ರಗಳೆಂದರೆ ಒಂದೊಂದಕ್ಕೆ ಸುಮಾರು ೧೬.೭ ಮಿಲಿಸೆಕೆಂಡು. ಐವತ್ತೊಂಬತ್ತು ಚಿತ್ರಗಳು ಬೇಗ ಬಂದು ಒಂದು ಮಾತ್ರ ನೂರು ಮಿಲಿಸೆಕೆಂಡು ತಡೆದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಕಣ್ಣಿಗೆ ಮುಗ್ಗರಿಸಿದಂತಾಗುತ್ತದೆ. ಆದ್ದರಿಂದ ಸರಾಸರಿಯನ್ನಲ್ಲ, ಒಂದೊಂದು ಚಿತ್ರದ ಕಾಲವನ್ನು ಅಳೆಯುವ ಸಾಧನ ಬೇಕು. ಇಂಟೆಲ್ ಕಂಪನಿಯ ಪ್ರೆಸೆಂಟ್‌ಮಾನ್ ಆ ಕೆಲಸ ಮಾಡುತ್ತದೆ. ಅದನ್ನೇ ತಳಹದಿಯಾಗಿಟ್ಟುಕೊಂಡ ಕ್ಯಾಪ್‌ಫ್ರೇಮ್‌ಎಕ್ಸ್ ಅದನ್ನು ನಕ್ಷೆಯಾಗಿ ಬಿಡಿಸಿ ತೋರಿಸುತ್ತದೆ. ಆಟದ ಮೇಲೆಯೇ ಮೂಲೆಯಲ್ಲಿ ಅಂಕಿ ಕಾಣಬೇಕೆಂದರೆ ಎಂಎಸ್‌ಐ ಆಫ್ಟರ್‌ಬರ್ನರ್ ಬಹಳ ಜನಪ್ರಿಯ. ಬೇರೆ ತಯಾರಕರ ಕಾರ್ಡುಗಳಿಗೂ ಒಗ್ಗುತ್ತದೆ.

ಕಾರ್ಡು ಯಾರದು, ವ್ಯವಸ್ಥೆ ಯಾವುದು ಎಂಬುದನ್ನೂ ನೋಡಬೇಕು. ಎನ್ವಿಡಿಯಾ-ಎಸ್‌ಎಂಐ ಎಂಬುದು ಎಎಂಡಿ ಕಾರ್ಡಿನ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಅಲ್ಲಿ ಎಎಂಡಿಯ ಅಡ್ರೆನಲಿನ್ ಸಾಫ್ಟ್‌ವೇರಿನಲ್ಲೇ ಅಳತೆಯ ಪುಟವಿದೆ. ಲಿನಕ್ಸ್ ಬಳಸುವವರಿಗೆ ಎನ್‌ವಿಟಾಪ್ ಒಳ್ಳೆಯದು. ಹೆಸರು ಎನ್ವಿಡಿಯಾದಂತೆ ಕೇಳಿಸಿದರೂ ಈಗ ಅದು ಎಎಂಡಿ, ಇಂಟೆಲ್‌ಗಳನ್ನೂ ಬಲ್ಲದು.

ಇನ್ನು ತಾವೇ ಕಾರ್ಯಕ್ರಮ ಬರೆಯುವ ಮಕ್ಕಳಿಗೆ ಇವೆಲ್ಲ ಬರಿಯ ಥರ್ಮಾಮೀಟರು. ತಮ್ಮ ಬರಹದ ಯಾವ ಸಾಲಿನಲ್ಲಿ ಹೊತ್ತು ಹಾಳಾಗುತ್ತಿದೆ ಎಂದು ತಿಳಿಯಲು ಅವರಿಗೆ ಎನ್‌ಸೈಟ್ ಸಿಸ್ಟಮ್ಸ್‌ನಂಥ ವಿಶ್ಲೇಷಕ ಬೇಕು. ನೂರಾರು ಕಾರ್ಡುಗಳಿರುವ ಕಡೆ ಒಂದೊಂದನ್ನೂ ಇಣುಕಿ ನೋಡಲಾಗದು. ನಮ್ಮ ಪುಣೆಯಲ್ಲೇ ಸಿ-ಡ್ಯಾಕ್ ಸಂಸ್ಥೆಯ ಪರಮ್ ಸಿದ್ಧಿ-ಎಐ ಎಂಬ ಮಹಾಗಣಕವಿದೆ; ೨೦೨೦ರ ನವೆಂಬರಿನಲ್ಲಿ ಜಗತ್ತಿನ ಐನೂರು ಮಹಾಗಣಕಗಳ ಪಟ್ಟಿಯಲ್ಲಿ ಅದಕ್ಕೆ ೬೩ನೆಯ ಸ್ಥಾನ ದೊರೆತಿತ್ತು. ಅಂಥ ದೊಡ್ಡ ಕೇಂದ್ರಗಳಿಗೆಂದೇ ಎನ್ವಿಡಿಯಾ ಕಂಪನಿಯು ಡಿಸಿಜಿಎಂ ಎಂಬ ಸಾಧನವನ್ನು ಮಾಡಿದೆ. ಕಾರ್ಡಿನ ಘಟಕಗಳಲ್ಲಿ ಎಷ್ಟು ಪಾಲು ನಿಜವಾಗಿ ದುಡಿಯುತ್ತಿದೆ ಎಂಬುದನ್ನು, ಕಾರ್ಡು ಅದಕ್ಕೆ ತಕ್ಕದ್ದಾಗಿದ್ದರೆ, ಅದು ಬಿಡಿಸಿ ಹೇಳುತ್ತದೆ. ಅಂದಮೇಲೆ ಹಾಜರಿಗೂ ಕೆಲಸಕ್ಕೂ ಇರುವ ಅಂತರ ದೊಡ್ಡವರನ್ನೂ ಕಾಡಿದೆ.

ಮೂರು ಎಚ್ಚರಿಕೆಗಳು

ಮೊದಲನೆಯದು: ನೋಡುವ ಸಾಧನಕ್ಕೂ ಬದಲಾಯಿಸುವ ಸಾಧನಕ್ಕೂ ಭೇದವಿದೆ. ಆಫ್ಟರ್‌ಬರ್ನರಿನಲ್ಲಿ ಅಂಕಿಗಳ ಪಕ್ಕದಲ್ಲೇ ವೇಗ, ವಿದ್ಯುತ್ತಿನ ಮಿತಿಗಳನ್ನು ಏರಿಸಿ ಇಳಿಸುವ ಗುಂಡಿಗಳಿವೆ. ಬರಿಯ ಅಳತೆ ಬೇಕಾದವರು ಅವುಗಳ ತಂಟೆಗೆ ಹೋಗಬಾರದು.

ಎರಡನೆಯದು: ಸಾಧನವನ್ನು ಅದನ್ನು ಮಾಡಿದವರ ತಾಣದಿಂದಲೇ ಇಳಿಸಿಕೊಳ್ಳಬೇಕು. ಆಫ್ಟರ್‌ಬರ್ನರಿನ ಹೆಸರಿನಲ್ಲಿ ನಕಲಿ ತಾಣಗಳನ್ನು ಕಟ್ಟಿ ಕಳ್ಳ ಸಾಫ್ಟ್‌ವೇರುಗಳನ್ನು ಹಂಚುತ್ತಿದ್ದುದು ೨೦೨೨ರಲ್ಲಿ ಬೆಳಕಿಗೆ ಬಂದಿತ್ತು.

ಮೂರನೆಯದು: ಅಳತೆಗೂ ಬೆಲೆಯುಂಟು. ನಾಲ್ಕು ಸಾಧನಗಳನ್ನು ಒಟ್ಟಿಗೆ ತೆರೆದು ಕ್ಷಣಕ್ಷಣಕ್ಕೂ ಅಂಕಿ ಕೇಳಿದರೆ ಅಳತೆಯೇ ಕೆಲಸಕ್ಕೆ ಅಡ್ಡಿಯಾದೀತು. ಶಾಖದಂಥ ನಿಧಾನದ ವಿಷಯಕ್ಕೆ ಸೆಕೆಂಡಿಗೊಂದು ಅಂಕಿ ಧಾರಾಳ. ಎರಡು ಅಳತೆಗಳನ್ನು ಹೋಲಿಸಬೇಕಾದರೆ ದೃಶ್ಯವೂ ಅದೇ ಇರಬೇಕು, ಅವಧಿಯೂ ಅಷ್ಟೇ ಇರಬೇಕು. ಎರಡು ನಿಮಿಷ ನೋಡಿ ಎದ್ದಿದ್ದರೆ ನಮ್ಮ ಹುಡುಗನ ಕಾರ್ಡಿನ ರೋಗ ಎಂದಿಗೂ ತಿಳಿಯುತ್ತಿರಲಿಲ್ಲ.

ಈ ಪಾಠ ಸಂಘಕ್ಕೂ ಒದಗಿ ಬಂದಿತು. ಉತ್ಸವದ ವಿಡಿಯೋ ತೋರಿಸುವಾಗ ಸಂಘದ ಕಂಪ್ಯೂಟರು ತಡೆತಡೆದು ನಡೆಯುತ್ತಿತ್ತು. ಹೊಸ ಕಾರ್ಡಿಗೆ ಹಣ ಮಂಜೂರು ಮಾಡಬೇಕೆಂದು ಸಮಿತಿಯಲ್ಲಿ ಮಾತು ಬಂದಿತು. ನಾವು ಐದು ನಿಮಿಷ ಕೇಳಿಕೊಂಡು ಟಾಸ್ಕ್ ಮ್ಯಾನೇಜರನ್ನು ತೆರೆದೆವು. ಮುಖ್ಯ ಸಂಸ್ಕಾರಕ ಏದುಸಿರು ಬಿಡುತ್ತಿತ್ತು. ಕಾರ್ಡಿನ ವಿಡಿಯೋ ಬಿಡಿಸುವ ವಿಭಾಗ ಸೊನ್ನೆಯಲ್ಲಿ ಕುಳಿತಿತ್ತು. ವಿಡಿಯೋ ತೋರಿಸುವ ಸಾಫ್ಟ್‌ವೇರು ಕಾರ್ಡಿಗೆ ಕೆಲಸವನ್ನೇ ವಹಿಸಿರಲಿಲ್ಲ! ಅದರ ಹೊಂದಾಣಿಕೆಯ ಪುಟದಲ್ಲಿ ಒಂದು ಗುರುತು ಹಾಕಿದ ಮೇಲೆ ವಿಡಿಯೋ ಸರಾಗವಾಗಿ ಓಡಿತು. ಆ ಹಣ ಸಂಘದ ಗ್ರಂಥಾಲಯದ ಕಪಾಟಿಗೆ ಹೋಯಿತು.

ನಮ್ಮ ಹುಡುಗನ ಚಿತ್ರ ಪರೀಕ್ಷೆಗೆ ಮೂರು ದಿನ ಮೊದಲೇ ಮುಗಿಯಿತು. ದೀಪಾವಳಿಗೆ ಅಕ್ಕ ಬಂದಾಗ ಪಾಟ್ಲಿಗಳು ಅವಳ ಕೈಯಲ್ಲೇ ಇದ್ದುವು. ಕಸೂತಿಯ ಮುಸುಕು ಈಗ ಹಾರ್ಮೋನಿಯಮ್ಮಿನ ಮೇಲಿದೆ. “ಹಂಗಾರ ಈಗ ಆ ಯಂತ್ರಕ್ಕ ಧೂಳು ಕೂಡೂದಿಲ್ಲೇನೋ?” ಎಂದು ಅವ್ವ ಕೇಳುತ್ತಾಳೆ. ಕೂಡುತ್ತದೆ. ಅದಕ್ಕಾಗಿ ಹುಡುಗನು ಮೂರು ತಿಂಗಳಿಗೊಮ್ಮೆ ಅದೇ ದೃಶ್ಯವನ್ನು ಅರ್ಧ ಗಂಟೆ ಓಡಿಸಿ, ಉಷ್ಣತೆಯನ್ನೂ ವೇಗವನ್ನೂ ಒಂದು ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡುತ್ತಾನೆ. ಅಂಕಿ ೭೫ ದಾಟಿದ ದಿನ ಕುಂಚ ಹೊರಬರುತ್ತದೆ.